ಇಳಿಯುವಷ್ಟು ಕ್ಲಚ್ಚು

ದಿಯೆಂಗ್ ಬೆಟ್ಟ
ಭಾನುವಾರ, ೧೪ ಆಗಸ್ಟ್ ೧೯೯೪

ಪ್ರೀತಿಯ ಅಕ್ಕ ರೆತ್ನೊಗೆ, ಚಳಿಯಲ್ಲಿ ಕೈ ಮರಗಟ್ಟಿಸಿಕೊಂಡು ಕೂತಿರುವ ತಂಗಿಯ ಸಲಾಮು.

ನಿನ್ನ ಕಾಗದ ತರಕಾರಿ ಲಾರಿಯವನ ಕೈಲಿ ಬಂತು. ಅಮ್ಮನಿಗೆ ಈಗ ಎರಡನೇ ಕಣ್ಣೂ ಮಂಜಾಗಿದೆ, ಯಾರು ಬಾಗಿಲು ತಳ್ಳಿದರೂ "ವುರ್ಯಾನಿ ಬಂದ್ಲಾ?" ಅಂತಾಳೆ ಎಂದು ಬರೆದಿದ್ದೀಯ. ಹಾಗೆಲ್ಲ ಬರೆಯಬೇಡ ಕಣೆ. ಓದಿ ಮಡಿಸಿಟ್ಟು ಆಲೂಗಡ್ಡೆ ಹೆಚ್ಚುತ್ತ ಕೂತಿದ್ದೆ. ಅತ್ತೆ ಬಂದು ಮುಖ ನೋಡಿ, "ಇದೇನೇ, ಈ ಸಲದ ಆಲೂಗಡ್ಡೇನೂ ಕಣ್ಣುರಿಸುತ್ತಾ?" ಅಂದರು. ಅವರ ಕಣ್ಣಿಗೆ ಮಾತ್ರ ಯಾವ ಮಂಜೂ ಬಂದಿಲ್ಲ.

ಯಾಕೆ ಬರುವುದಿಲ್ಲ ಎಂದು ನೀನು ಕೇಳಿದಾಗಲೆಲ್ಲ ಅಪ್ಪನ ಕಾರಿನ ಕ್ಲಚ್ಚು ಸರಿಯಿಲ್ಲ ಎಂದು ಬರೆದಿದ್ದೇನೆ. ನಿನಗೆ ಸಿಟ್ಟು ಬಂದಿರಬೇಕು, ಆ ಊರಿಗೆ ಬಸ್ಸೇ ಇಲ್ಲವಾ ಎಂದು. ಬಸ್ಸಿದೆ. ಆದರೆ ಬಸ್ಸಿನ ಮಾತೆತ್ತಿದರೆ ಅತ್ತೆ, "ಮನೇಲಿ ಕಾರು ಇಟ್ಕೊಂಡೋಳು ಕೋಳಿ ಬುಟ್ಟಿ ಜೊತೆ ಕೂತು ಹೋದ್ರೆ ಜನ ನನ್ನ ಮಗನ್ನ ಏನಂತಾರೆ?" ಅನ್ನುತ್ತಾರೆ. ಸರಿ, ಕಾರಿನಲ್ಲೇ ಹೋಗುತ್ತೇನೆ ಅಂದರೆ ಇವರು, "ಕ್ಲಚ್ಚು ಸರಿ ಮಾಡಿಸೋಣ, ಆಲೂಗಡ್ಡೆ ಕಿತ್ತಾದ್ಮೇಲೆ" ಅನ್ನುತ್ತಾರೆ. ಇಲ್ಲಿ ಒಂದು ಬೆಳೆ ಕಿತ್ತ ಹೊಲದಲ್ಲಿ ಮಾರನೇ ವಾರವೇ ಇನ್ನೊಂದು ಬೆಳೆ ಕೂತಿರುತ್ತದೆ. ಅಪ್ಪ ಬಾಡಿಗೆಗೆ ಓಡಿಸಿ ನಮ್ಮಿಬ್ಬರನ್ನು ಸಾಕಿದ ಆ ಹಸಿರು ಕಾರು, ಓಡಿಸಲು ಬರುವುದು ನನಗೊಬ್ಬಳಿಗೇ ಎಂದು ನನ್ನ ಪಾಲಿಗೆ ಬಂದದ್ದು, ಖಾಲಿ ಬುಟ್ಟಿಗಳ ಹಿಂದೆ ನಿಂತು ನಾಲ್ಕು ವರ್ಷವಾಯಿತು. ಆಗಾಗ ಅಂಗಳದಲ್ಲಿ ಒಂದು ಸುತ್ತು ಹಾಕಿಸುತ್ತೇನೆ. ಬೀದಿಯ ಏರಿಗೆ ತಿರುಗಿಸಿದರೆ ಎಂಜಿನ್ ಅಬ್ಬರಿಸುತ್ತದೆ, ಸುಟ್ಟ ವಾಸನೆ ಬರುತ್ತದೆ, ಚಕ್ರ ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಈ ಮನೆಯಲ್ಲಿ ನನ್ನ ಮಾತೂ ಹಾಗೇ.

ಇವರು ಕೆಟ್ಟವರಲ್ಲ ಅಕ್ಕ. ಕೈ ಎತ್ತಿದವರಲ್ಲ, ಒಂದು ದಿನ ಗದರಿದವರಲ್ಲ. ನಾನು ನಡುಗಿದರೆ ತಮ್ಮ ಹೊದಿಕೆಯನ್ನೂ ನನ್ನ ಮೇಲೆ ಹಾಕಿ ಮಲಗುತ್ತಾರೆ. ಕೆಟ್ಟವರಾಗಿದ್ದರೆ ನನ್ನ ದಾರಿ ಸುಲಭವಿತ್ತು. ನನಗೆ ಇಲ್ಲಿ ಉಸಿರು ಕಟ್ಟುತ್ತದೆ ಎಂದರೆ ಬೆಟ್ಟದ ಗಾಳಿಯೇ ಹಾಗೆ, ರೂಢಿಯಾಗುತ್ತದೆ ಅನ್ನುತ್ತಾರೆ.

ಈಗ ಮುಖ್ಯ ವಿಷಯ. ಮಗಳು ಕಿನಾಸಿಯ ಕೂದಲು ತೆಗೆಸಿದೆವು. ನಿಮ್ಮ ಸಮುದ್ರದ ಕಡೆ ಈ ಪದ್ಧತಿ ಇಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಈ ಬೆಟ್ಟದಲ್ಲಿ ಕೆಲವು ಮಕ್ಕಳಿಗೆ ಜ್ವರ ಬಂದು, ಜ್ವರ ಬಿಟ್ಟಾಗ ಕೂದಲು ತಾನಾಗಿ ಜಡೆಗಟ್ಟಿರುತ್ತದೆ. ಅದನ್ನು ಹೆತ್ತವರು ಮನಸ್ಸು ಬಂದಾಗ ಕತ್ತರಿಸುವ ಹಾಗಿಲ್ಲ. ಮಗುವೇ ಕೇಳಬೇಕು, ಜೊತೆಗೆ ತನಗೇನು ಬೇಕು ಎಂದೂ ಹೇಳಬೇಕು. ಅದನ್ನು ಹೇಳಿದ ಹಾಗೇ ನಡೆಸಿಕೊಡಬೇಕು. ಇಲ್ಲದಿದ್ದರೆ ಜ್ವರವೂ ತಿರುಗಿ ಬರುತ್ತದೆ, ಜಡೆಯೂ. ಪಕ್ಕದ ಮನೆಯ ಹುಡುಗಿ ಎರಡು ಬಿಳಿ ಆಡು ಕೇಳಿದ್ದಳು. ಇವರು ಒಂದು ಸೈಕಲ್ಲಿಗೆ ಸಿದ್ಧರಾಗಿ ಕೂತಿದ್ದರು.

ಶುಕ್ರವಾರ ಊರೆಲ್ಲ ಸೇರಿತ್ತು. ಅನ್ನದ ಗೋಪುರ, ಇಡೀ ಕೋಳಿ, ಏಳು ಬಗೆಯ ಹೂವು. ಶಾಸ್ತ್ರ ಮಾಡಿಸುವ ಹಿರಿಯಜ್ಜ ನರ್ಯೊನೊ ಕತ್ತರಿ ಹಿಡಿದು, "ಏನ್ ಬೇಕು ಮರಿ, ಹೇಳ್ಬಿಡು" ಅಂದರು. ಕಿನಾಸಿ ತಲೆ ಎತ್ತಿ, "ತಾತನ ಹಸಿರು ಕಾರಲ್ಲಿ ಮುಂದ್ಗಡೆ ಕೂತ್ಕೊಂಡು, ಅಮ್ಮ ಓಡಿಸ್ಕೊಂಡು ಹೋಗ್ಬೇಕು, ನಾನು ಸಮುದ್ರ ನೋಡ್ಬೇಕು" ಅಂದಳು.

ಅತ್ತೆ ನನ್ನ ಕಡೆ ತಿರುಗಿ, "ಯಾರೇ ಹೇಳ್ಕೊಟ್ಟಿದ್ದು ಇದನ್ನ?" ಅಂದರು. ನಾನು ಹೇಳಿಕೊಟ್ಟಿಲ್ಲ, ಆಣೆ. ಮಲಗಿಸುವಾಗ ಸಮುದ್ರದ ಕಥೆ ಹೇಳಿದ್ದೇನೆ, ನಿಜ. ನನಗೆ ಬರುವುದು ಅದೊಂದೇ ಕಥೆ. ಇವರು, "ಪಿಕಪ್ಪಲ್ಲಿ ನಾನೇ ಕರ್ಕೊಂಡು ಹೋಗ್ತೀನಿ ಬಿಡಿ" ಅಂದರು. ಅಜ್ಜ ಒಪ್ಪಲಿಲ್ಲ. "ಕುಂಚೊರೊ, ಮಗು ಪಿಕಪ್ ಕೇಳ್ತಾ? ನಿನ್ನ ಹೆಸರು ಹೇಳ್ತಾ?" ಅಂದರು. ಎಲ್ಲ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಮಗುವಿನ ಹತ್ತಿರ ಬಗ್ಗಿ, "ನೋಡ್ಕೊಂಡು ವಾಪಸ್ ಬರ್ಬೇಕು ಅಂತಾನೂ ಕೇಳೇ, ಬಂಗಾರ" ಅಂದರು. ಅಜ್ಜ ಕೈ ಅಡ್ಡ ಹಿಡಿದು, "ಆಯ್ತಮ್ಮ, ಬಾಯಿಂದ ಬಿತ್ತು, ಮುಗೀತು. ಇನ್ನು ಅದಕ್ಕೆ ಯಾರೂ ಬಾಲ ಕಟ್ಟೋ ಹಾಗಿಲ್ಲ" ಎಂದು ಕತ್ತರಿ ಆಡಿಸಿಬಿಟ್ಟರು.

ಕತ್ತರಿಸಿದ ಜಡೆಗಳನ್ನು ಮಡಕೆಯಲ್ಲಿಟ್ಟು ಸೆರಾಯು ಹೊಳೆಗೆ ಬಿಟ್ಟೆವು. ನಿಮ್ಮ ಊರಿನ ಹತ್ತಿರ ಸಮುದ್ರ ಸೇರುವ ಹೊಳೆಯೇ ಅದು. ನನ್ನ ಮಗಳ ಕೂದಲು ನನಗಿಂತ ಮೊದಲು ತವರು ಸೇರುತ್ತದೆ ಎಂದು ಅಳು ಬಂತು. ಹೊಳೆಗೆ ಏನು, ಇಳಿಯುವುದಷ್ಟೇ ಕೆಲಸ.

ನಾಲ್ಕು ವರ್ಷ ಆಗದ ಕೆಲಸ ಒಂದೇ ದಿನದಲ್ಲಿ ಆಯಿತು. ಇವರು ನಿನ್ನೆ ಪೇಟೆಯಿಂದ ಹೊಸ ಕ್ಲಚ್ ಪ್ಲೇಟು ತರಿಸಿದರು. ಅದೀಗ ಹಳೇ ಪೇಪರಿನಲ್ಲಿ ಸುತ್ತಿಕೊಂಡು ಅಡುಗೆಮನೆಯ ಅಟ್ಟದ ಮೇಲೆ ಕೂತಿದೆ. "ಕಿತ್ತ ಆಲೂಗಡ್ಡೆ ಬಿಟ್ಟು ನಾನು ಬರೋಕಾಗಲ್ಲ. ತುಕಿರಾನನ್ನ ಕರೆಸಿ ಹಾಕಿಸ್ಕೋ. ವಾಪಸ್ ಬೆಟ್ಟ ಹತ್ಬೇಕಲ್ಲ" ಅಂದರು. ದನಿಯಲ್ಲಿ ಕೋಪವಿರಲಿಲ್ಲ, ಭಯ ಇತ್ತು ಅನ್ನಿಸಿತು.

ಮೆಕ್ಯಾನಿಕ್ ತುಕಿರಾನ್ ಇವತ್ತು ಸಂಜೆ ಬಂದು ಕಾರು ನೋಡಿದ. ಹಾಕದಿದ್ದರೆ ಏನಾಗುತ್ತೆ ಎಂದು ಸುಮ್ಮನೆ ಕೇಳಿದೆ. "ಬ್ರೇಕ್ ಗಟ್ಟಿ ಐತೆ. ಎರಡನೇ ಗೇರಲ್ಲಿ ಮೆತ್ತಗೆ ಬಿಟ್ರೆ ಕೆಳಗಿಳಿಯುತ್ತೆ, ಬಯಲಲ್ಲೂ ಓಡುತ್ತೆ. ಹತ್ತೋದು ಮಾತ್ರ ಅದರ ಹಣೇಲಿ ಬರೆದಿಲ್ಲ, ಅಕ್ಕಾ" ಅಂದ. ಆಮೇಲೆ ನನ್ನನ್ನೇ ನೋಡಿ, "ಹಾಕೋದಾ?" ಅಂದ. ನಾಳೆ ಬಾ ಅಂದೆ.

ಹಾಕಿಸಬೇಕು ಅಲ್ಲವಾ? ಹಾಕಿಸುವುದೇ ಸರಿ. ಮಗು ಸಮುದ್ರ ಕೇಳಿದೆ, ಅಪ್ಪನನ್ನು ಬಿಟ್ಟಿರಬೇಕು ಎಂದೇನೂ ಕೇಳಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಹೊರಟು, ನಾಲ್ಕು ದಿನ ಇದ್ದು ಬಂದುಬಿಡುತ್ತೇವೆ. ಕಿನಾಸಿಯ ಸ್ವೆಟರುಗಳನ್ನು ತರುವುದಿಲ್ಲ, ಅಲ್ಲಿ ಸೆಕೆ. ಅವಳ ಶಾಲೆಯ ಕಾಗದಗಳನ್ನು ಮಾತ್ರ ತರುತ್ತೇನೆ, ಒಳ್ಳೆಯ ಅಂಕ ತೆಗೆದಿದ್ದಾಳೆ, ಅಮ್ಮ ನೋಡಲಿ. ಅಮ್ಮನಿಗೆ ಕಾಣುವುದಿಲ್ಲ ಎಂಬುದು ಬರೆದ ಮೇಲೆ ನೆನಪಾಯಿತು.

ಬಾಗಿಲು ತಳ್ಳಿದ ಸದ್ದಾದರೆ ಈ ಸಲ ಅಮ್ಮನಿಗೆ ಇಲ್ಲ ಅನ್ನಬೇಡ.

ನಿನ್ನ ಬೆಟ್ಟದ ತಂಗಿ,
ವುರ್ಯಾನಿ

ವಿ.ಸೂ.: ಮಂಗಳವಾರ. ಲಾರಿ ಇನ್ನೂ ಹೊರಟಿಲ್ಲ, ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಭಾವನಿಗೆ ಕೆಟ್ಟ ಕಾರು ಕಂಡರೆ ಕೈ ಸುಮ್ಮನಿರುವುದಿಲ್ಲ. ನಾವು ಬಂದ ಕೂಡಲೇ ವಾಸನೆ ಹಿಡಿದು ಕಾರಿನಡಿ ತೂರಿಬಿಡುತ್ತಾರೆ. ನನ್ನಾಣೆ, ಕಾರು ಮುಟ್ಟಕೂಡದು ಎಂದು ಈಗಲೇ ಹೇಳಿಡು. ತುಕಿರಾನ್ ನಿನ್ನೆ ಬಂದಾಗ ಹಾಕುವುದು ಬೇಡ ಅಂದೆ. ಅವನು ಬ್ರೇಕನ್ನು ಇನ್ನೊಮ್ಮೆ ನೋಡಿ ಹೋದ. ಪ್ಲೇಟು ಅಟ್ಟದ ಮೇಲೆ ಸುತ್ತಿದ ಹಾಗೇ ಇದೆ. ರಾತ್ರಿ ಊಟಕ್ಕೆ ಕೂತಾಗ ಇವರು, "ಕ್ಲಚ್ಚು ಆಯ್ತಾ?" ಎಂದು ಕೇಳಿದರು. ಆಯ್ತು ಅಂದೆ.