ಕೊನೆಯ ಪುಟದ ಹೆಬ್ಬೆಟ್ಟು

ಮಾರ್ಚ್ 3, ಶುಕ್ರವಾರ, ಸಂಜೆ

ವಾರಪತ್ರಿಕೆ ಬಂತು. ಎಂದಿನಂತೆ ಮುಖಪುಟದ ಗಣ್ಯರನ್ನು ದಾಟಿ ಸೀದಾ ಕೊನೆಯ ಪುಟದ ಕೆಳಮೂಲೆಗೆ. ನನ್ನ ಕಾಲಂ ಇದೆ. ಹೆಬ್ಬೆಟ್ಟು ಇಲ್ಲ.

ಬೆಳಕಿಗೆ ಹಿಡಿದೆ. ಇಲ್ಲ. ಹೋದ ವಾರವೂ ಇರಲಿಲ್ಲ.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಏನೇ ಅದು, ಪೇಪರನ್ನ ಕಳ್ಳನೋಟಿನ ಥರ ನೋಡ್ತಿದೀಯ?"

"ಏನಿಲ್ಲ ಅತ್ತೆ. ಅಚ್ಚು ಹೇಗಿದೆ ಅಂತ."

"ಅಚ್ಚು ಚೆನ್ನಾಗೇ ಇರುತ್ತೆ ಬಿಡು. ಒಳಗಿರೋದನ್ನ ನೋಡ್ಕೋ."

ಮಾರ್ಚ್ 4, ಶನಿವಾರ

ಜೋರಾಗಿ ಹೇಳಲು ನಾಚಿಕೆ. ಬರೆದಿಡುತ್ತೇನೆ.

ಮೊದಲ ಕಾಲಂ ಅಚ್ಚಾದಾಗ ಮಗನಿಗೆ ಹಾಲುಹಲ್ಲು. ಈಗ ಮೀಸೆ. ಅಂದು ಮನೆಗೆ ಬಂದ ಪ್ರತಿಯಲ್ಲಿ, ನನ್ನ ಬರಹದ ಪಕ್ಕದ ಅಂಚಿನಲ್ಲಿ ಒಂದು ಕಪ್ಪು ಹೆಬ್ಬೆಟ್ಟು. ಮುಂದಿನ ವಾರವೂ ಅಲ್ಲೇ. ಅದರ ಮುಂದಿನ ವಾರವೂ. ಪ್ರೆಸ್ಸಿನಲ್ಲಿ ಮೆಷಿನ್ ನಡೆಸುವ ಅಣ್ಣನದೇ ಇರಬೇಕು. ಪದಬಂಧ ಮಾಡುವವರನ್ನು ಉಪಾಯವಾಗಿ ವಿಚಾರಿಸಿದೆ — ಅವರ ಪುಟದಲ್ಲಿ ಇಲ್ಲ. ಹೊಲಿಗೆ ಪಾಠ ಬರೆಯುವವರಿಗೂ ಇಲ್ಲ. ತೀರ್ಮಾನ ಸ್ಪಷ್ಟ: ಇಡೀ ಪತ್ರಿಕೆಯಲ್ಲಿ ಅಣ್ಣ ಮೆಚ್ಚಿ ಮುದ್ರೆ ಒತ್ತುವುದು ನನಗೊಬ್ಬಳಿಗೇ.

ನಾನು ಏನು ಬರೆದರೂ ನಮ್ಮ ಯಜಮಾನರು "ಚೆನ್ನಾಗಿದೆ" ಅನ್ನುತ್ತಾರೆ. ಉಪ್ಪು ಮರೆತ ಅಡುಗೆಗೂ ಅದನ್ನೇ ಅನ್ನುತ್ತಾರೆ. ಸಂಪಾದಕರದು ಒಂದೇ ವಿಮರ್ಶೆ, "ಎರಡು ಸಾಲು ಜಾಸ್ತಿ." ಹಾಸ್ಯ ಬರೆಯುವವಳ ಎದುರಿಗೆ ಯಾರೂ ನಗುವುದಿಲ್ಲ. ಹಾಳೆ ಮುಖ ಗಂಟಿಕ್ಕಿಕೊಂಡೇ ಇರುತ್ತದೆ. ಆ ಮಸಿಯ ಕಲೆಯೊಂದೇ ನನಗೆ ಸಿಕ್ಕ ಚಪ್ಪಾಳೆ.

ಈಗ ಅದೂ...

ಮಾರ್ಚ್ 10, ಶುಕ್ರವಾರ

ಇಲ್ಲ.

ಮಾರ್ಚ್ 21, ಮಂಗಳವಾರ

ಲೇಖನ ಕೊಡಬೇಕಾದ ದಿನ. ಕೊಡಲಿಲ್ಲ. ಹೋದ ವಾರದ್ದೂ ಹಳೆಯದನ್ನೇ ತಿರುವಿ ಹಾಕಿದ್ದು. ಬರೆಯುತ್ತೇನೆ, ಓದುತ್ತೇನೆ, ನಾನೇ ಆಕಳಿಸುತ್ತೇನೆ.

ಸಂಪಾದಕರಿಗೆ ಫೋನ್ ಮಾಡಿದೆ. ಕಾಲಂ ಬಿಡೋಣ ಅಂತಿದ್ದೇನೆ ಅಂದೆ. ಕಂಬನಿ ನಿರೀಕ್ಷಿಸಿದ್ದೆ.

"ಹೌದಾ? ಆ ಜಾಗಕ್ಕೆ ಸೋಪಿನವರು ಜಾಹೀರಾತು ಕೇಳ್ತಾನೇ ಇದ್ದಾರೆ. ಈ ವಾರ ಹೇಗೋ ತುಂಬ್ತೀನಿ. ಮುಂದಿನ ಮಂಗಳವಾರ ಖಡಾಖಂಡಿತವಾಗಿ ಹೇಳಿಬಿಡಿ."

ಸೋಪು. ಕನಿಷ್ಠ ನೊರೆಯಾದರೂ ಬರುತ್ತದೆ.

ಮಾರ್ಚ್ 24, ಶುಕ್ರವಾರ, ಮಧ್ಯಾಹ್ನ

ಪ್ರೆಸ್ಸಿಗೆ ಹೋಗಿದ್ದೆ. ಇಷ್ಟು ವರ್ಷ ಬರೆದು, ಅಚ್ಚಾಗುವ ಜಾಗಕ್ಕೆ ಮೊದಲ ಸಲ ಕಾಲಿಟ್ಟದ್ದು. ನೆಲ ನಡುಗುತ್ತದೆ. ಬಿಳಿ ಕಾಗದ ನದಿಯ ಹಾಗೆ ಹರಿದು ಬಂದು ಆ ಕಡೆ ಮಾತಾಗಿ ಬೀಳುತ್ತದೆ. ಬಾಯಿ ತೆರೆದುಕೊಂಡೇ ನಿಂತೆ. ಎಷ್ಟು ಹೊತ್ತೋ.

ಮೆಷಿನ್ ಅಣ್ಣ ನಾನು ಊಹಿಸಿಕೊಂಡಷ್ಟು ದಪ್ಪ ಇಲ್ಲ. ಬಡಕಲು, ಬೆಳ್ಳಗಿನ ಹುಬ್ಬು, ಕೈಗೆ ರಬ್ಬರ್ ಗ್ಲೌಸು. ಯಾರೆಂದು ಹೇಳಿಕೊಂಡು, ಕೇಳಿಯೇ ಬಿಟ್ಟೆ.

"ಹೆಬ್ಬೆಟ್ಟಾ?" ಕಿವಿ ಹತ್ತಿರ ಬಂದು ಕೂಗಿದ. "ಅಯ್ಯೋ ಮೇಡಂ, ಅದು ಮಸಿ ಒಣಗಿದೆಯಾ ಅಂತ ಒತ್ತಿ ನೋಡೋದು. ಹೊರಗಿನ ಪುಟದಲ್ಲಿ ಎಲ್ಲಿ ಕಪ್ಪು ಜಾಸ್ತಿನೋ ಅಲ್ಲಿ. ನಿಮ್ಮ ಹೆಸರು ಹಾಕೋ ಕಪ್ಪು ಪಟ್ಟಿ ದಪ್ಪ ಅಲ್ವಾ? ಒತ್ತಿದ ಬೆರಳು ಪಕ್ಕದ ಖಾಲಿ ಜಾಗಕ್ಕೆ ಒರೆಸ್ತಿದ್ದೆ. ಹಾಗೆ ಕೆಟ್ಟ ಕಾಪಿ ಮಾರೋಕಾಗಲ್ಲ. ಅದನ್ನೇ ಬರಿಯೋರ ಮನೆಗೆ ಕಳಿಸ್ತೀವಿ."

"ಮತ್ತೆ ಈಗ?"

"ಕೈ ಎಲ್ಲ ತುರಿಕೆ. ಡಾಕ್ಟ್ರು ಮಸಿ ಮುಟ್ಟಬೇಡ ಅಂದ್ರು. ಈಗ ಬಟ್ಟೆ ಚೂರಲ್ಲಿ ನೋಡ್ತೀನಿ."

"ನನ್ನ ಕಾಲಂ ಓದ್ತಿರಲಿಲ್ವಾ?"

"ಓದೋದಾ? ಇಲ್ಲಿ ನಿಂತ್ರೆ ಕಪ್ಪು ಕಾಣುತ್ತೆ, ಅಕ್ಷರ ಕಾಣಲ್ಲ."

ಅಳಬೇಕಿತ್ತು. ಬಂದದ್ದು ನಗು. ಬೆರಳು ಒರೆಸಿದ ಗುರುತನ್ನು ನಂಬಿಕೊಂಡು ಇಷ್ಟು ವರ್ಷ ಬರೆದೆನಲ್ಲ... ಚಪ್ಪಾಳೆ ಸುಳ್ಳು. ಬರೆದದ್ದು ಮಾತ್ರ ನಿಜ.

ಆಗಷ್ಟೇ ಬಿದ್ದ ಹಾಳೆಯೊಂದನ್ನು ಎತ್ತಿಕೊಂಡೆ. ಹೆಬ್ಬೆಟ್ಟು ಹುಡುಕುವ ಕೆಲಸ ಇರಲಿಲ್ಲ, ಆದ್ದರಿಂದ ಮೊದಲ ಸಲ ಅಚ್ಚು ಕಂಡಿತು. ಎಂಥ ಕಪ್ಪು. ಎಲ್ಲೂ ತೇಪೆಯಿಲ್ಲ, ಎಲ್ಲೂ ಮಂಕಿಲ್ಲ, ಮುಟ್ಟಿದರೆ ಬೆರಳು ಒಳಗೆ ಹೋದೀತು ಅನ್ನುವ ಹಾಗೆ. ಅದನ್ನೇ ಹೇಳಿದೆ.

ಅಣ್ಣ ಮೆಷಿನ್ ನಿಲ್ಲಿಸಿದ. ಸದ್ದು ಪೂರ್ತಿ ಅಡಗುವವರೆಗೆ ಕಾದ.

"ಏನಂದ್ರಿ?"

ಇನ್ನೊಮ್ಮೆ ಹೇಳಿದೆ.

ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಗೆ ಹೋದ. ಬೇರೆ ಯಾರೋ ಅಚ್ಚು ಹಾಕಿದ್ದೇನೋ ಎಂಬಂತೆ ನೋಡಿದ. "ತಪ್ಪಾದ್ರೆ ಮೇಲಿಂದ ಫೋನ್ ಬರುತ್ತೆ ಮೇಡಂ," ಅಂದ. "ಸರಿ ಇದ್ರೆ ಬರಲ್ಲ. ಫೋನ್ ಬರದ ದಿನ ಚೆನ್ನಾಗಿದೆ ಅಂತ ನಾವೇ ತಿಳ್ಕೋಬೇಕು." ಕತ್ತು ನೆಟ್ಟಗಾಗಿತ್ತು. ಬಾಗಿಲವರೆಗೂ ಬಂದು ಬೀಳ್ಕೊಟ್ಟ, ಎರಡು ಸಲ.

ಒಂದು ಮಾತು. ಅದೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಮನುಷ್ಯನ ಎತ್ತರವೇ ಬದಲಾಯಿತು — ಕಣ್ಣೆದುರಿಗೇ.

ಮಾರ್ಚ್ 27, ಸೋಮವಾರ

ಕೂತೆ. ಬಂತು. ಸದಾ ಕೆಟ್ಟು ನಿಂತಿರುವ ನಮ್ಮ ಕಟ್ಟಡದ ಲಿಫ್ಟಿನ ಬಗ್ಗೆ. "ನೆಲಮಹಡಿಯವರ ಸೇವೆಗೆ ನಮ್ಮ ಲಿಫ್ಟ್ ಸದಾ ಸಿದ್ಧ" ಎಂಬ ಸಾಲು ಇಟ್ಟೆ, ಹೊಡೆದುಹಾಕಿದೆ, ಮತ್ತೆ ಇಟ್ಟೆ. ಸಪ್ಪೆಯೇ? ಗೊತ್ತಿಲ್ಲ. ಅತ್ತೆಗೆ ಓದಿ ಹೇಳಿದೆ.

"ನಿಜ ತಾನೇ," ಅಂದರು. "ಇದ್ರಲ್ಲಿ ನಗೋದೇನಿದೆ?"

ಹೊಡೆದೆ. ಊಟ ಮಾಡಿದೆ. ಮತ್ತೆ ಇಟ್ಟೆ.

ಮಾರ್ಚ್ 28, ಮಂಗಳವಾರ

ಕಳಿಸಿದೆ. ಸಂಪಾದಕರು: "ಸೋಪಿನವರಿಗೆ ಏನು ಹೇಳಲಿ? ಅಂದ ಹಾಗೆ, ಎರಡು ಸಾಲು ಜಾಸ್ತಿ."

ಲಿಫ್ಟಿನ ಸಾಲು ಬಿಟ್ಟು ಬೇರೆ ಎರಡನ್ನು ತೆಗೆಯಿರಿ ಅಂದೆ. ಧ್ವನಿ ನನ್ನದೇ ಎಂದು ಆಮೇಲೆ ತಿಳಿಯಿತು.

ಮಾರ್ಚ್ 31, ಶುಕ್ರವಾರ, ಸಂಜೆ

ಬಂತು. ತಿರುಗಿಸಲು ಧೈರ್ಯ ಇಲ್ಲ. ಹೆಬ್ಬೆಟ್ಟು ಇರುವುದಿಲ್ಲವಲ್ಲ, ಗ್ಲೌಸು, ಬಟ್ಟೆ ಚೂರು, ಎಲ್ಲ ಗೊತ್ತು. ಕಾಫಿ ಕುಡಿದೆ. ಅತ್ತೆ, "ಕೊಡಿಲ್ಲಿ, ನಾನೇ ನೋಡ್ತೀನಿ" ಎಂದು ಕಿತ್ತುಕೊಂಡರು.

"ಥೂ, ಕೊಳಕು ಮಾಡಿಬಿಟ್ಟಿದಾರಲ್ಲೇ. ಯಾರೋ ಬರಿಗೈಯಲ್ಲಿ ಒತ್ತಿದಾರೆ."

ಅಂಚಿನಲ್ಲಲ್ಲ. ಹೆಸರಿನ ಪಟ್ಟಿಯ ಪಕ್ಕವೂ ಅಲ್ಲ. ಬರಹದ ನಟ್ಟನಡುವೆ, ಗೆರೆಗೆರೆಯೂ ಎಣಿಸುವ ಹಾಗೆ — ಸರಿಯಾಗಿ ಲಿಫ್ಟಿನ ಸಾಲಿನ ಮೇಲೆ.