ಕತ್ತರಿಸಿದ ತೊಲೆಯ ಕೆಳಗೆ

ಹೋಲ್ಟ್‌ಲೀ ಕೋರ್ಟ್,
ಹೆರೆಫರ್ಡ್‌ಶೈರ್.
ಭಾನುವಾರ, 11 ನವೆಂಬರ್ 1956

ನನ್ನ ಮುದ್ದಿನ ಹೆಸ್ಟರಕ್ಕಾ,

ಬೈಯಬೇಡ. ಮದುವೆಯ ಮರುವಾರವೇ ಬರೆಯುತ್ತೇನೆಂದು ರೈಲು ನಿಲ್ದಾಣದಲ್ಲಿ ನಿನ್ನ ಕೊರಳು ತಬ್ಬಿ ಆಣೆ ಮಾಡಿದವಳು ಇಷ್ಟು ದಿನ ಸುಮ್ಮನಿದ್ದುಬಿಟ್ಟೆ. ಏನು ಮಾಡಲಿ, ಸುಖವಾಗಿರುವವರ ಕೈಗೆ ಲೇಖನಿ ಹತ್ತುವುದಿಲ್ಲ. ಪುಟ್ಟ ಆಲಿಸ್‌ಗೆ ಹಲ್ಲು ಬಂತೇ? ಭಾವನ ಬೆನ್ನುನೋವು ಹೇಗಿದೆ?

ಕ್ರಿಸ್ಪಿನ್ ಎಂಥವನು ಗೊತ್ತೇ ಅಕ್ಕ! ಟೋಸ್ಟಿಗೆ ಮಾರ್ಮಲೇಡ್ ಸವರುತ್ತಲೇ ಹದಿನೈದನೆಯ ಶತಮಾನದಿಂದ ಶುರುಮಾಡುತ್ತಾನೆ. ಈ ಮನೆ ಮೊದಲಿಗೆ ಒಂದೇ ಒಂದು ಎತ್ತರದ ಹಜಾರವಾಗಿತ್ತಂತೆ. ನಡುವೆ ಬೆಂಕಿ, ಹೊಗೆ ಮಾಡಿನ ಸಂದಿಯಿಂದ ಆಚೆಗೆ. ಆಮೇಲಿನವರು ಹೊಗೆಗೂಡು ಕಟ್ಟಿದರು, ಮಹಡಿ ಹಾಕಿದರು, ಆ ಮಹಡಿಗೂ ಅಡ್ಡಗೋಡೆ ಎಬ್ಬಿಸಿ ಎರಡು ಮಾಡಿದರು. ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಎಂದು ಹೇಳುವುದೇ ಅವನ ಕೆಲಸ, ಅವನ ಹೆಮ್ಮೆ. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ನನ್ನನ್ನೇ ನೋಡುತ್ತ, "ನಿನ್ನಲ್ಲಿ ಮಾತ್ರ ಆಮೇಲೆ ಸೇರಿಸಿದ್ದು ಏನೂ ಇಲ್ಲ" ಅಂದ. ಆ ದಿನವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ, ತೇಲಿದೆ.

ಮಹಡಿಯ ಅಡ್ಡಗೋಡೆ ಅವನ ಮುತ್ತಜ್ಜ ಹೆಣ್ಣುಮಕ್ಕಳಿಗೆ ಕೋಣೆ ಬೇಕೆಂದು ಎಬ್ಬಿಸಿದ್ದು, ಮನೆಯ ಭಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಕ್ರಿಸ್ಪಿನ್ ಈಚೆಗೆ ಪತ್ರಿಕೆಯೊಂದರಲ್ಲಿ ಬರೆದಿದ್ದ. ಎಷ್ಟು ಕತ್ತಲೆ, ಗೋಡೆ ಇಲ್ಲದಿದ್ದರೆ ಮೇಲೆ ಕುಣಿಯಬಹುದಿತ್ತು ಎಂದು ನಾನು ನಗುತ್ತ ಹೇಳಿದ್ದೇ ತಡ, ಮದುವೆಯ ಉಡುಗೊರೆ ಎಂದು ಆಳು ಕರೆಸಿ ಕಳೆದ ಸೋಮವಾರ ಒಡೆಸಿಯೇಬಿಟ್ಟ. ಧೂಳಿನಲ್ಲೇ ನನ್ನನ್ನು ಎತ್ತಿ ತಿರುಗಿಸಿದ. ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಒಡೆದ ಆ ಗೋಡೆಯ ಕೆಳಗೇ ನಮ್ಮ ಮಲಗುವ ಕೋಣೆ. ಮಂಗಳವಾರ ಅದರ ಬಾಗಿಲು ಮುಚ್ಚಲಿಲ್ಲ. ಬುಧವಾರ ಚಹಾದ ಬಟ್ಟಲಿನಲ್ಲಿ ಸುಣ್ಣದ ಪುಡಿ. ಆಗಾಗ ಮೇಲಿನಿಂದ ಒಂದು ಸದ್ದು. ಯಾರೋ ಮುದುಕರು ಕುರ್ಚಿಯಿಂದ ಏಳಲು ಹೋಗಿ ಏಳಲಾಗದೆ ನರಳಿದಂತೆ. ಅತ್ತೆ ಮೊದಲು ತಮಾಷೆಯಾಗೇ ತೆಗೆದುಕೊಂಡರು.

"ನಾನು ಮದುವೆ ಆಗಿ ಬಂದಾಗಿಂದ ಈ ಮನೆ ನರಳ್ತಾನೇ ಇದೆ ಕಣೇ ವಿನಿ. ನಿನ್ನ ಮಾವನೂ ನರಳ್ತಿದ್ರು. ಇಬ್ರಲ್ಲಿ ಯಾರು ಅಂತ ನಾನು ಕೇಳೋದನ್ನೇ ಬಿಟ್ಟಿದ್ದೆ."

ಗುರುವಾರ ಕಪಾಟಿನ ತಟ್ಟೆಗಳು ತಾವಾಗಿಯೇ ಒಂದು ಮೂಲೆಗೆ ಸರಿದಾಗ ಅವರೂ ತಮಾಷೆ ನಿಲ್ಲಿಸಿದರು.

ನಾನು ಮೇಲೆ ಹತ್ತಿ ನೋಡಿದೆ. ಅಕ್ಕ, ಎದುರುಬದುರಿನ ಗೋಡೆಗಳು ಹೊರಕ್ಕೆ ಬೀಳದಂತೆ ಹಿಡಿದಿಡುವ ದೊಡ್ಡ ಅಡ್ಡತೊಲೆಯನ್ನು ಹಿಂದೆ ಯಾರೋ ಬಾಗಿಲಿಗೆ ಜಾಗ ಬೇಕೆಂದು ನಡುವೆ ಕೊಯ್ದುಹಾಕಿದ್ದಾರೆ. ಕೊಯ್ದ ಎರಡು ತುದಿಗಳನ್ನು ಇಷ್ಟು ಕಾಲ ಹಿಡಿದಿದ್ದದ್ದು ನಾವು ಒಡೆದ ಗೋಡೆ. ಈಗ ಆ ತುದಿಗಳು ಗಾಳಿಯಲ್ಲಿವೆ. ಮೂಲೆಯಲ್ಲಿ ಎರಡು ಗೋಡೆ ಸೇರುವಲ್ಲಿ ಬಿರುಕು. ಅದರೊಳಗಿಂದ ಅಂಗಳದ ಬಾತುಕೋಳಿಗಳು ಕಂಡವು. ಅಲ್ಲೇ ಕುಳಿತುಬಿಟ್ಟೆ. ಆಮೇಲೆ, ಕುಳಿತಿದ್ದು ಎಲ್ಲಿ ಎಂದು ನೆನಪಾಗಿ ತೆವಳಿಕೊಂಡು ಮೆಟ್ಟಿಲಿಗೆ ಬಂದೆ.

ಶನಿವಾರ ಜಿಲ್ಲೆಯ ಪುರಾತತ್ವ ಸಂಘದವರೆಲ್ಲ ಬಂದು ಅದೇ ನೆಲದ ಮೇಲೆ ನಿಂತು ಅವನ ಉಪನ್ಯಾಸ ಕೇಳುವವರಿದ್ದರು. ತೊಲೆಗೆ ಕೆಳಗಿನಿಂದ ಆಸರೆಯ ಕಂಬ ಕೊಡಿಸು ಎಂದು ಅಂಗಲಾಚಿದೆ. ಹಳೆಯ ಮರ ಸ್ವಲ್ಪ ಮಾತಾಡುತ್ತದೆ, ನಿನಗೆ ಅಭ್ಯಾಸವಿಲ್ಲ ಎಂದು ಹಣೆಗೆ ಮುತ್ತಿಟ್ಟ. ಬಿಡದೆ ಕೇಳಿದಾಗ ದನಿ ಬದಲಾಯಿತು.

"ಕಂಬ ನಿಲ್ಲಿಸಿದ್ರೆ ನಾನು ಬರೆದದ್ದು ತಪ್ಪು ಅಂತ ನಾನೇ ಬೋರ್ಡ್ ಹಾಕಿದ ಹಾಗಲ್ವಾ? ಶನಿವಾರ ಕಳೀಲಿ, ವಿನಿ."

ಹಾಗಾಗಿ ಶುಕ್ರವಾರ ಅವನು ಪೇಟೆಗೆ ಹೋದಾಗ ನಾನೇ ಸಂಘದ ಕಾರ್ಯದರ್ಶಿ ಮಿಸ್ ಟ್ರೆಂಚ್‌ಗೆ ಫೋನ್ ಮಾಡಿ, ಮನೆಯಲ್ಲಿ ಮಂಗನಬಾವು, ಯಾರೂ ಬರಬೇಡಿ ಎಂದೆ.

"ಇಬ್ರಿಗೂನಾ? ಅಯ್ಯೋ ಪಾಪ, ಹೊಸ ಜೋಡಿ ಬೇರೆ," ಎಂದರು ಆಕೆ. ನಗು ಬಂತು, ಅಳುವೂ ಬಂತು. ಆಮೇಲೆ ಲೆಡ್‌ಬರಿಯ ಬಡಗಿಗೂ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಮರ ತರುತ್ತಾನಂತೆ.

ಸಂಜೆ ವಿಷಯ ತಿಳಿದ ಕ್ರಿಸ್ಪಿನ್ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ನಿನ್ನೆ ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ಅಂಗಳದಾಚೆಯ ಹೆಬ್ಬಾಗಿಲಿನ ಮನೆಗೆ ಬಂದುಬಿಟ್ಟೆ. ಅವನು ಬರಲಿಲ್ಲ. ಕಿಟಕಿಯಿಂದ ಕಾಣುತ್ತಾನೆ, ತೊಲೆಯ ಕೆಳಗೇ ಓಡಾಡುತ್ತಿದ್ದಾನೆ. ಗಾಳಿ ಜೋರಾಗುತ್ತಿದೆ. ಪ್ರತಿ ಬೀಸಿಗೂ ನಾನು ಲೇಖನಿ ಇಟ್ಟು ತಲೆಯೆತ್ತಿ, ಮಾಡಿನ ಗೆರೆ ನೆಟ್ಟಗಿದೆಯೇ ಎಂದು ನೋಡುತ್ತೇನೆ. ಎರಡು ಸಲ ಬಾಗಿಲಿಗೆ ಹೋಗಿ ಕೂಗಿದೆ. ಕೈ ಬೀಸಿದ, ಅಷ್ಟೇ.

ಆಲಿಸ್‌ಗೆ ನೂರು ಮುತ್ತು. ನಿನ್ನ ಮನೆಯ ಮಾಡು ನಿನ್ನ ತಲೆಯ ಮೇಲೆ ನೂರು ವರ್ಷ ಗಟ್ಟಿಯಾಗಿರಲಿ, ಅದರ ಕೆಳಗೆ ನೀವೆಲ್ಲ ನೆಮ್ಮದಿಯಾಗಿರಿ.

ನಿನ್ನ ಪ್ರೀತಿಯ ತಂಗಿ,
ವಿನಿ

ಮರೆತೆ: ಕಂಬಳಿ ಹುಡುಕಲು ಈಗ ಇಲ್ಲಿನ ಅಟ್ಟಕ್ಕೆ ಹೋಗಿದ್ದೆ. ಕ್ರಿಸ್ಪಿನ್ ಆ ದೊಡ್ಡ ಮನೆಯ ಬಗ್ಗೆ ಬರೆದ ಕಾಗದ, ನಕ್ಷೆಗಳೆಲ್ಲ ಅಲ್ಲಿವೆ. ಒಂದೊಂದಕ್ಕೂ ಎರಡೆರಡು ಸುತ್ತು ಮೇಣಬಟ್ಟೆ. ಯಾವಾಗ ತಂದ ಎಂದು ಅತ್ತೆಯನ್ನು ಕೇಳಿದೆ. ಮಂಗಳವಾರ ಕೈಗಾಡಿ ತಳ್ಳಿಕೊಂಡು ಅಂಗಳ ದಾಟುವುದನ್ನು ಕಂಡಿದ್ದರಂತೆ, ಒಡೆದ ಗಾರೆ ಇರಬೇಕೆಂದುಕೊಂಡರಂತೆ. ಅಂದರೆ ಗೋಡೆ ಒಡೆದ ಮರುದಿನ. ಆ ರಾತ್ರಿಯೂ, ಆಮೇಲಿನ ರಾತ್ರಿಗಳೂ ಅವನು ನನ್ನ ಪಕ್ಕದಲ್ಲೇ ಮಲಗಿದ್ದ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾಗದವನ್ನು ಹೊರಗೆ ಸಾಗಿಸಬೇಕೆಂದು ಅವನಿಗೆ ಹೊಳೆಯಿತು, ಅಕ್ಕ.