ಕನ್ನಡಕದ ಡಬ್ಬಿಯಲ್ಲಿ ಸಕ್ಕರೆ

ಅಪ್ಪಾ,

ಗಂಜಿಗೆ ಉಪ್ಪೇ ಸರಿ. ನೀನು ತೀರಿಕೊಂಡು ಆರು ತಿಂಗಳಾದರೂ ಈ ಮಾತಿನಲ್ಲಿ ಬದಲಾವಣೆಯಿಲ್ಲ. ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಅಡುಗೆಮನೆಯಲ್ಲಿ ಹಂಡೆಗಟ್ಟಲೆ ಗಂಜಿ ಬೇಯಿಸುವವಳು ನಾನು. ನೀನು ಬಡಗಿ. ನಿನ್ನ ಮರದ ಕೆಲಸಕ್ಕೆ ನಾನು ಎಂದಾದರೂ ಬಾಯಿ ಹಾಕಿದ್ದೆನೇ? ಅದಕ್ಕೇ ನೀನು ಸಕ್ಕರೆ ಕೇಳಿದಾಗಲೆಲ್ಲ ಉಪ್ಪಿನ ಗಂಜಿಯನ್ನೇ ಮುಂದಿಟ್ಟೆ.

ಇವತ್ತು ಬೆಳಿಗ್ಗೆ ನಿನ್ನ ಕಪಾಟಿಗೆ ಇರುವೆ ಸಾಲುಗಟ್ಟಿತ್ತು. ಹುಡುಕಿದರೆ ನಿನ್ನ ಕನ್ನಡಕದ ಡಬ್ಬಿ ಸಿಕ್ಕಿತು. ಒಳಗೆ ಕನ್ನಡಕವಿಲ್ಲ, ಕಾಗದದಲ್ಲಿ ಪೊಟ್ಟಣ ಕಟ್ಟಿದ ಸಕ್ಕರೆ! "ಆರಲಿ, ಆಮೇಲೆ ತಿಂತೀನಿ, ನೀನು ಕೆಲಸಕ್ಕೆ ಹೊರಡಮ್ಮ" ಎಂದು ದಿನಾ ನನ್ನನ್ನು ಸಾಗಹಾಕುತ್ತಿದ್ದದ್ದು ಇದಕ್ಕೇ ಅನ್ನು. ಎಂಥ ಕಳ್ಳನಪ್ಪಾ ನೀನು!

ಕನ್ನಡಕ ಪಕ್ಕದಲ್ಲೇ ಬಿದ್ದಿತ್ತು, ಗಾಜಿನ ತುಂಬ ಗೀರು. "ಡಬ್ಬಿ ಇರೋದು ಯಾಕೆ? ಅದರಲ್ಲಿ ಇಡೋಕೆ ಏನು ಕಷ್ಟ ನಿನಗೆ?" ಎಂದು ನಾನು ಕೂಗಾಡಿದ ದಿನ ನೀನು ಡಬ್ಬಿಯನ್ನು ಕಪಾಟಿನ ಒಳಕ್ಕೆ ತಳ್ಳಿದೆ. ಆಮೇಲೆ ಪೇಪರ್ ಓದುವುದನ್ನೂ ಬಿಟ್ಟೆ.

ಇರುವೆ ಕೊಡವಿ, ಆ ಸಕ್ಕರೆಯನ್ನು ನನ್ನ ಗಂಜಿಗೆ ಸುರಿದುಕೊಂಡೆ. ನಾಲಿಗೆಗೆ ಚೂರೂ ಹಿಡಿಸಲಿಲ್ಲ. ಉಪ್ಪೇ ಸರಿ, ಅಪ್ಪಾ.

ಬಟ್ಟಲು ಮಾತ್ರ ಬಳಿದು ಖಾಲಿ ಮಾಡಿದೆ.